ಕಿಂಗ್ ಹಾಲರ್ ಕಿಟ್‌ನಿಂದ ಹತ್ತು ಚಕ್ರದ ಟಿಪ್ಪರ್: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದನ್ನು ಎತ್ತಿಡಬೇಕು

ಟಮಿಯಾ ಕಂಪನಿಯ 1/14 ಅಳತೆಯ ಕಿಂಗ್ ಹಾಲರ್ (ಐಟಂ ನಂಬರ್ 56301) 1990ರ ದಶಕದಿಂದ ಮಾರಾಟದಲ್ಲಿರುವ, ಬಿಡಿಭಾಗ ಜೋಡಿಸಿ ಕಟ್ಟುವ ರಿಮೋಟ್ ಲಾರಿಯ ಹಳೆಯ ಕಿಟ್. 1/14 ಎಂದರೆ ನಿಜವಾದ ಗಾಡಿಯ ಹದಿನಾಲ್ಕನೇ ಒಂದು ಭಾಗದಷ್ಟು ಗಾತ್ರ. ಪೆಟ್ಟಿಗೆಯ ಮೇಲಿರುವುದು ಅಮೆರಿಕದ ಉದ್ದ ಬಾನೆಟ್ಟಿನ ಲಾರಿ, ಮೈತುಂಬ ಕ್ರೋಮ್. ಅದನ್ನು ಹಾಗೆಯೇ ಕಟ್ಟಿ ಷೋಕೇಸಿನಲ್ಲಿ ಇಡುವವರಿಗೆ ಈ ವಿಮರ್ಶೆಯಿಂದ ಹೆಚ್ಚು ಉಪಯೋಗವಿಲ್ಲ. ಸಂಡೂರು, ಬಳ್ಳಾರಿ ಕಡೆಯ ಅದಿರಿನ ರಸ್ತೆಗಳಲ್ಲಿ ಕಾಣುವ ಟಾಟಾ ಎಲ್‌ಪಿಕೆ 2518ರಂಥ ಹತ್ತು ಚಕ್ರದ ಟಿಪ್ಪರನ್ನು ಸ್ವಂತ ಕೈಯಿಂದ ಕಟ್ಟಿ, ರಿಮೋಟಿನಲ್ಲಿ ಓಡಿಸಿ, ತೊಟ್ಟಿ ಎತ್ತಿ ಜಲ್ಲಿ ಸುರಿಯಬೇಕು ಎನ್ನುವವರಿಗೆ ಈ ಕಿಟ್ ಬುನಾದಿಯಾಗಿ ಹೇಗಿದೆ ಎಂಬುದಷ್ಟೇ ಇಲ್ಲಿನ ವಿಷಯ.

ತೀರ್ಪು ಮೊದಲೇ ಹೇಳಿಬಿಡೋಣ. ಚಾಸಿ, ಮೂರು ಗೇರಿನ ಗೇರ್‌ಬಾಕ್ಸ್, ಎರಡು ಹಿಂದಿನ ಆಕ್ಸಲ್, ಟೈರ್: ಇವು ಕೊಟ್ಟ ಹಣಕ್ಕೆ ತಕ್ಕವು. ಕ್ಯಾಬಿನ್, ಕ್ರೋಮ್ ಸಾಮಾನು, ಬುಷ್‌ಗಳು (ಒಳಗೆ ಶಾಫ್ಟ್ ತಿರುಗುವ ಬಳೆಗಳು) ಮತ್ತು ಮೋಟರ್: ಟಿಪ್ಪರ್ ಕಟ್ಟುವವರು ಇವನ್ನು ಎತ್ತಿಡುವುದೇ ಮೇಲು. ಪೆಟ್ಟಿಗೆಯ ಹೆಚ್ಚುಕಡಿಮೆ ಅರ್ಧ ಸಾಮಾನು ನಿಮಗೆ ಬೇಕಾಗುವುದಿಲ್ಲ. ಅದನ್ನು ಒಪ್ಪಿಕೊಂಡು ಕೊಂಡರೆ ಮುಂದೆ ಬೇಸರವಿಲ್ಲ.

ಎಲ್‌ಪಿಕೆ 2518ರಲ್ಲಿ ಇರುವಂತೆ ಇದರಲ್ಲೂ ಮೂರು ಆಕ್ಸಲ್, ಹಿಂದಿನ ಎರಡಕ್ಕೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಕಿಂಗ್ ಹಾಲರನ್ನು ಆರಿಸುವುದಕ್ಕೆ ಮುಖ್ಯ ಕಾರಣವೇ ಇದು. ಆರು ಚಕ್ರದ ಲಾರಿ ಕಟ್ಟುವ ಮನಸ್ಸಿದ್ದರೆ ಟಮಿಯಾದ್ದೇ ಎರಡು ಆಕ್ಸಲಿನ ಸ್ಕೇನಿಯಾ ಆರ್470 ಅಥವಾ ಮರ್ಸಿಡಿಸ್ 1838ಎಲ್‌ಎಸ್ ಕಿಟ್ ನೋಡಿ. ಸುಮ್ಮನೆ ಒಂದು ಆಕ್ಸಲನ್ನು ಕಿತ್ತು ಬಿಸಾಡುವ ಕೆಲಸ ಬೇಡ.

ಶುರುವಿನಲ್ಲೇ ಅಳತೆ ಇತ್ಯರ್ಥವಾಗಬೇಕು. ಇಲ್ಲಿ ಎಡವಿದರೆ ಆಮೇಲೆ ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಗಾಡಿ ಆಟಿಕೆಯಂತೆ ಕಾಣುತ್ತದೆ. ಕಿಟ್‌ನ ಟೈರಿನ ವ್ಯಾಸ 83 ಮಿ.ಮೀ., ಅಗಲ 22 ಮಿ.ಮೀ. ನಮ್ಮ ಟಿಪ್ಪರ್‌ಗಳಿಗೆ ಹಾಕುವ 10.00-20 ಟೈರಿನ ವ್ಯಾಸ ಸುಮಾರು 1050 ಮಿ.ಮೀ. ಅದನ್ನು 14ರಿಂದ ಭಾಗಿಸಿದರೆ 75 ಬರುತ್ತದೆ. ಅಂದರೆ 1/14ರ ಲೆಕ್ಕದಲ್ಲಿ ಕ್ಯಾಬಿನ್ ಮತ್ತು ತೊಟ್ಟಿ ಕಟ್ಟಿದರೆ ಟೈರು 8 ಮಿ.ಮೀ. ದೊಡ್ಡದಾಗುತ್ತದೆ. ಮಡ್‌ಗಾರ್ಡಿಗೆ ತಾಗುತ್ತದೆ, ನೋಟಕ್ಕೂ ಕೆಡುತ್ತದೆ. ಅದೇ 13ರಿಂದ ಭಾಗಿಸಿ ನೋಡಿ: ವ್ಯಾಸ 81, ಅಗಲ 21ರ ಮೇಲೆ. ಎರಡೂ ಕಿಟ್‌ನ ಟೈರಿಗೆ ಒಪ್ಪುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ಚಾಸಿಯ ಮೇಲೆ ಕಟ್ಟುವ ಭಾರತದ ಲಾರಿಯನ್ನು 1/13ಕ್ಕೆ ಕಟ್ಟಬೇಕು. 2440 ಮಿ.ಮೀ. ಅಗಲದ ಗಾಡಿ ಆಗ 188 ಮಿ.ಮೀ. ಆಗುತ್ತದೆ. ಕ್ಯಾಬಿನ್ನಿನ ಅಗಲ ನಿಶ್ಚಯಿಸುವ ಮೊದಲು ಜೋಡಿಸಿದ ಹಿಂದಿನ ಜೋಡಿ ಟೈರುಗಳ ಹೊರಗಿನಿಂದ ಹೊರಕ್ಕೆ ವರ್ನಿಯರ್ ಹಿಡಿದು ಅಳೆಯಿರಿ. ತೊಟ್ಟಿ ಅದಕ್ಕಿಂತ ಕಿರಿದಾದರೆ ಟೈರು ಹೊರಗೆ ಚಾಚಿಕೊಂಡಿರುತ್ತದೆ.

ನಿಜವಾದ ಗಾಡಿಯ ಅಳತೆಗೆ ಇಂಟರ್ನೆಟ್ಟಿನ ಚಿತ್ರವನ್ನು ನಂಬಬೇಡಿ. ಲಾರಿ ಸ್ಟ್ಯಾಂಡಿಗೆ ಟೇಪು ಹಿಡಿದು ಹೋಗಿ, ಡ್ರೈವರಣ್ಣನನ್ನು ಕೇಳಿಕೊಂಡು ಅಳೆಯುವುದು ಒಳ್ಳೆಯದು. ಬೇಕಾದವು ಇಷ್ಟು: ಮುಂದಿನ ಆಕ್ಸಲಿನಿಂದ ಹಿಂದಿನ ಮೊದಲ ಆಕ್ಸಲಿಗೆ ಇರುವ ದೂರ, ಬಂಪರಿನಿಂದ ಮುಂದಿನ ಆಕ್ಸಲಿಗೆ ಇರುವ ದೂರ, ಕೊನೆಯ ಆಕ್ಸಲಿನಿಂದ ತೊಟ್ಟಿಯ ಹಿಂಜಿಗೆ (ಕೀಲಿಗೆ) ಇರುವ ದೂರ, ನೆಲದಿಂದ ಚಾಸಿಯ ಮೇಲಂಚು, ಕ್ಯಾಬಿನ್ನಿನ ಎತ್ತರ ಮತ್ತು ಅಗಲ, ತೊಟ್ಟಿಯ ಒಳ ಅಳತೆ. ಪ್ರತಿಯೊಂದನ್ನೂ 13ರಿಂದ ಭಾಗಿಸಿ ಒಂದೇ ಹಾಳೆಯಲ್ಲಿ ಬರೆದಿಡಿ.

ಈಗ ಗೇರ್‌ಬಾಕ್ಸ್. ಈ ಕಿಟ್‌ನ ಜೀವಾಳ ಇರುವುದು ಇಲ್ಲೇ. ಒಳಗಿನ ಗೇರುಗಳು ಲೋಹದವು, ಅನುಪಾತ ಮೊದಲ ಗೇರಿನಲ್ಲಿ 32.49, ಎರಡನೆಯದರಲ್ಲಿ 17.76, ಮೂರನೆಯದರಲ್ಲಿ 10.66. ಗೇರ್ ಬದಲಿಸಲು ಒಂದು ಸರ್ವೋ (ರಿಮೋಟ್ ಹೇಳಿದಷ್ಟು ತೋಳು ತಿರುಗಿಸುವ ಪುಟ್ಟ ಮೋಟರ್) ಸಾಕು. ಇಷ್ಟು ವರ್ಷ ಕಳೆದರೂ ಈ ವಿನ್ಯಾಸ ಹಾಗೆಯೇ ನಡೆದುಬಂದಿರುವುದಕ್ಕೆ ಕಾರಣ ಅದರ ಗಟ್ಟಿತನ. ಆದರೆ ಕಿಟ್‌ನೊಂದಿಗೆ ಬರುವ 540 ಗಾತ್ರದ ಮೋಟರ್ ಈ ಗೇರ್‌ಬಾಕ್ಸಿಗೆ ಅತಿ ವೇಗದ್ದು. ಲೆಕ್ಕ ಹಾಕಿ ನೋಡಬಹುದು. 7.2 ವೋಲ್ಟಿನಲ್ಲಿ, ಭಾರವಿಲ್ಲದಾಗ, ಇಂಥ ಮೋಟರ್ ನಿಮಿಷಕ್ಕೆ ಸುಮಾರು 15,000 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ 261 ಮಿ.ಮೀ. ಮೂರನೇ ಗೇರಿನಲ್ಲಿ ವೇಗ ಗಂಟೆಗೆ 22 ಕಿ.ಮೀ. ಆಗುತ್ತದೆ. ಅಳತೆಗೆ ತಕ್ಕಂತೆ 13ರಿಂದ ಗುಣಿಸಿದರೆ 286 ಕಿ.ಮೀ.! ಜಲ್ಲಿ ಟಿಪ್ಪರ್ ಆ ವೇಗದಲ್ಲಿ ಓಡುವುದನ್ನು ಯಾರೂ ನೋಡಿಲ್ಲ. ಮೊದಲ ಗೇರಿನಲ್ಲೇ 7 ಕಿ.ಮೀ. ದಾಟುತ್ತದೆ, ಅಂದರೆ ಅಳತೆಯ ಲೆಕ್ಕದಲ್ಲಿ 90ಕ್ಕಿಂತ ಹೆಚ್ಚು.

ಪರಿಹಾರ 55 ಟರ್ನ್‌ನ 540 ಮೋಟರ್, ಬಂಡೆ ಹತ್ತುವ ಕ್ರಾಲರ್ ಗಾಡಿಗಳಿಗೆ ಮಾರುವಂಥದ್ದು. ಟರ್ನ್ ಎಂದರೆ ಮೋಟರಿನೊಳಗಿನ ತಂತಿ ಸುರುಳಿಗಳ ಎಣಿಕೆ. ಟರ್ನ್ ಹೆಚ್ಚಿದಷ್ಟೂ ಸುತ್ತು ಕಡಿಮೆ, ಅದೇ ಕರೆಂಟಿಗೆ ತಿರುಚುಬಲ ಜಾಸ್ತಿ. ಮಾಮೂಲಿ ಮೋಟರ್ 27 ಟರ್ನ್ ಆಸುಪಾಸಿನದ್ದಾದ್ದರಿಂದ 55ಕ್ಕೆ ಹೋದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಗ ಮೊದಲ ಗೇರು ಗಂಟೆಗೆ 3.5 ಕಿ.ಮೀ., ಎರಡನೆಯದು 6.5, ಮೂರನೆಯದು 11ರ ಹತ್ತಿರ. ಭಾರ ಹೇರಿದ ಮೇಲೆ ಇನ್ನೂ ಕಡಿಮೆಯಾಗಿ, ಮೊದಲ ಎರಡು ಗೇರುಗಳಲ್ಲಿ ನಿಜವಾದ ಲಾರಿಯ ನಡೆ ಬರುತ್ತದೆ. ಹೊಲದಲ್ಲಿ, ಮಣ್ಣಿನಲ್ಲಿ ಓಡಿಸದೆ ಬರೀ ಟೈಲ್ಸ್ ಮೇಲೆ ಓಡಿಸುವವರು 35 ಟರ್ನ್ ಹಾಕಿಕೊಂಡರೂ ನಡೆಯುತ್ತದೆ. ಬೇರೆ ಮೋಟರ್ ಹಾಕಿದಾಗ ಅದಕ್ಕೆ ಕೆಪಾಸಿಟರ್ ಬೆಸುಗೆ ಹಾಕಿದ್ದಾರೆಯೇ ನೋಡಿ. ಇಲ್ಲದಿದ್ದರೆ 104 ಎಂದು ಬರೆದಿರುವ 0.1 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್ ಕೆಪಾಸಿಟರ್ ಬೇಕು: ಎರಡು ಟರ್ಮಿನಲ್‌ಗಳ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಮೋಟರಿನ ಕವಚಕ್ಕೆ ಒಂದೊಂದು. ಕಾರ್ಬನ್ ಬ್ರಷ್‌ನ ಕಿಡಿಯಿಂದ ಸರ್ವೋ ನಡುಗುವುದು ಇದರಿಂದ ನಿಲ್ಲುತ್ತದೆ.

ಗೇರ್‌ಬಾಕ್ಸ್ ಜೋಡಿಸುವಾಗ ಆತುರ ಬೇಡ. ಸ್ಕ್ರೂಗಳು ಜಪಾನಿನ ಜೆಐಎಸ್ ಮಾದರಿಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ತಲೆ ಕೆಡಿಸುತ್ತದೆ, ಜೆಐಎಸ್ ಮೊನೆಯದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಬಿಚ್ಚಿ ಮತ್ತೆ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ, 'ಕಟ್' ಎಂದು ಹಳೆಯ ಹಾದಿಗೆ ಕೂತ ಮೇಲೆ ಬಿಗಿ ಮಾಡಿ. ಹಾಗೆ ಮಾಡದಿದ್ದರೆ ಎರಡನೇ ಸಲಕ್ಕೇ ತೂತಿನ ಮರೆ (ಥ್ರೆಡ್) ಹೋಗುತ್ತದೆ. ಗ್ರೀಸ್ ಗೇರಿನ ಹಲ್ಲಿಗೆ ತೆಳುವಾಗಿ ಇರಲಿ. ಕವಚ ಮುಚ್ಚುವ ಮುಂಚೆ ಮೂರೂ ಗೇರಿನಲ್ಲಿ ಶಾಫ್ಟನ್ನು ಬೆರಳಿನಿಂದ ತಿರುಗಿಸಿ. ಎಲ್ಲಾದರೂ ಒಂದು ಕಡೆ ಬಿಗಿಯಾಗಿ, ಮತ್ತೆ ಸಡಿಲವಾದರೆ ವಾಷರ್ ತಪ್ಪಿದೆ ಅಥವಾ ಇ-ಕ್ಲಿಪ್ ಶಾಫ್ಟಿನ ತೋಡಿನಲ್ಲಿ ಪೂರ್ತಿ ಕೂತಿಲ್ಲ ಎಂದರ್ಥ. ಪಿನಿಯನ್ನಿನ (ಮೋಟರಿಗೆ ಕೂರುವ ಚಿಕ್ಕ ಗೇರಿನ) ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಸ್ಕ್ರೂ, ಮೋಟರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು, ಅದಕ್ಕೆ ಒಂದು ಹನಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು). ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಥ್ರೆಡ್‌ಲಾಕ್ ಹಾಕಿ. ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ದಿನಗಳಲ್ಲಿ ಅದು ಸೀಳುತ್ತದೆ.

ಬುಷ್‌ಗಳ ವಿಷಯದಲ್ಲಿ ಟಮಿಯಾ ಮಾಡಿದ ಉಳಿತಾಯ ನ್ಯಾಯವಲ್ಲ. ಇಷ್ಟು ಬೆಲೆಯ ಕಿಟ್‌ನಲ್ಲಿ ಬಾಲ್ ಬೇರಿಂಗಿನ ಬದಲು ಪ್ಲಾಸ್ಟಿಕ್ ಮತ್ತು ಲೋಹದ ಬುಷ್ ಕೊಟ್ಟಿದ್ದಾರೆ. ನಮ್ಮ ಧೂಳಿನಲ್ಲಿ ಪ್ಲಾಸ್ಟಿಕ್ ಬುಷ್ ಬೇಗ ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಚಕ್ರ ಓಲಾಡುತ್ತದೆ, ಮುಂದಿನ ಚಕ್ರಗಳ ನೇರ ತಪ್ಪುತ್ತದೆ. ಮ್ಯಾನುಯಲ್ಲಿನ ಬಿಡಿಭಾಗಗಳ ಪುಟ ನೋಡಿ ಬುಷ್‌ಗಳನ್ನು ಅಳತೆವಾರು ಎಣಿಸಿಕೊಂಡು, ಅಷ್ಟೇ ಬೇರಿಂಗ್ ತರಿಸಿ. 1150 ಎಂದು ಕರೆಯುವುದರ ಅಳತೆ 5×11×4 ಮಿ.ಮೀ. ಎರಡೂ ಕಡೆ ರಬ್ಬರ್ ಸೀಲ್ ಇರುವಂಥದ್ದನ್ನೇ ಕೇಳಿ. ಕಟ್ಟುವಾಗಲೇ ಹಾಕಿಬಿಡಬೇಕು. ಆಮೇಲೆ ಹಾಕುವುದೆಂದರೆ ಇಡೀ ಆಕ್ಸಲ್ ಬಿಚ್ಚುವ ಕೆಲಸ.

ಡಿಫರೆನ್ಷಿಯಲ್ (ತಿರುವಿನಲ್ಲಿ ಎಡಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ: ಲಾಕ್ ಮಾಡಬೇಕೇ? ಗಟ್ಟಿ ನೆಲದ ಮೇಲೆ ಬೇಡ. ಎಂಟು ಟೈರುಗಳಿರುವ ಎರಡು ಹಿಂದಿನ ಆಕ್ಸಲನ್ನೂ ಲಾಕ್ ಮಾಡಿದರೆ ಮುಂದಿನ ಚಕ್ರ ಎಷ್ಟೇ ತಿರುಗಿದರೂ ಗಾಡಿ ನೇರವಾಗಿ ಜಾರಿಕೊಂಡು ಹೋಗುತ್ತದೆ. ಸಡಿಲ ಮಣ್ಣಿನಲ್ಲಿ ಓಡಿಸುವುದಿದ್ದರೆ ಕೊನೆಯ ಆಕ್ಸಲ್ ಒಂದನ್ನು ಮಾತ್ರ ಲಾಕ್ ಮಾಡಿ. ರಿಮೋಟಿನಿಂದಲೇ ಲಾಕ್ ಹಾಕಿ ತೆಗೆಯುವಂಥ ಪೂರ್ತಿ ಲೋಹದ ಆಕ್ಸಲನ್ನು ಚೀನಾದ ಲೆಸು ಕಂಪನಿ ಈ ಅಳತೆಗೇ ಮಾಡುತ್ತದೆ. ಚೆನ್ನಾಗಿದೆ, ಆದರೆ ದುಬಾರಿ. ಕಿಟ್‌ನ ಆಕ್ಸಲ್ ಸವೆದಾಗ ಅದಕ್ಕೆ ಹೋದರೆ ಸಾಕು.

ಚಾಸಿ ಅಲ್ಯೂಮಿನಿಯಂ ಚಾನೆಲ್‌ನದು, ನಿಜವಾದ ಲಾರಿಯಂತೆ ಎರಡು ಉದ್ದ ರೈಲು, ನಡುವೆ ಅಡ್ಡಪಟ್ಟಿ. ಗುಣಮಟ್ಟ ಒಳ್ಳೆಯದು. ತೊಂದರೆ ಏನೆಂದರೆ ಬಾನೆಟ್ ಲಾರಿಯಲ್ಲಿ ಮುಂದಿನ ಆಕ್ಸಲ್ ಬಂಪರಿಗೆ ಹತ್ತಿರವಿರುತ್ತದೆ, ನಮ್ಮ ಚಪ್ಪಟೆ ಮುಖದ ಕ್ಯಾಬಿನ್ನಿನಲ್ಲಿ ಆಕ್ಸಲಿನ ಮುಂದೆ ರೈಲು ಇನ್ನಷ್ಟು ಚಾಚಬೇಕು. ಕಿಟ್‌ನ ರೈಲಿಗೆ ತುಂಡು ಸೇರಿಸುವುದು, ಕತ್ತರಿಸುವುದು ಎರಡೂ ಬೇಡ. ಅದನ್ನು ಅಚ್ಚಾಗಿ ಇಟ್ಟುಕೊಂಡು ಹೊಸ ರೈಲು ಮಾಡಿ. ಅದೇ ಎತ್ತರದ ಅಲ್ಯೂಮಿನಿಯಂ ಚಾನೆಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಸುತ್ತಮುತ್ತ ಚಾನೆಲ್, ಎಂ3 ಬೋಲ್ಟು, ಎಲ್‌ಇಡಿ, ವೈರು ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಎರಡು ಹೊಸ ರೈಲುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಕ್ಲಾಂಪ್ ಹಾಕಿ, ಒಟ್ಟಿಗೇ ತೂತು ಕೊರೆಯಿರಿ. ಬೇರೆ ಬೇರೆ ಕೊರೆದರೆ ಎಡಬಲದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬೋಲ್ಟ್ ತೂರಿ ನಟ್ ಹಾಕುವಲ್ಲಿ 3.2 ಮಿ.ಮೀ. ಡ್ರಿಲ್, ಎಂ3 ಟ್ಯಾಪ್ ಹೊಡೆಯುವಲ್ಲಿ 2.5. ಪಂಚ್ ಇಟ್ಟು ಗುರುತು ಮಾಡಿಕೊಳ್ಳದೆ ಡ್ರಿಲ್ ಇಡಬೇಡಿ. ಅಡ್ಡಪಟ್ಟಿಗಳನ್ನು ಕೈಬಿಗಿಯಲ್ಲಿ ಜೋಡಿಸಿ, ದಪ್ಪ ಗಾಜಿನ ಮೇಲಿಟ್ಟು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದ ಮೇಲೆ ಪೂರ್ತಿ ಬಿಗಿಯಿರಿ. ನಟ್ ಎಲ್ಲ ನೈಲಾಕ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ಬಗೆ) ಇರಲಿ. ಹಿಂದಿನ ಎರಡು ಆಕ್ಸಲ್‌ಗಳ ನಡುವಿನ ಅಂತರವನ್ನು ಕಿಟ್‌ನಲ್ಲಿದ್ದಂತೆಯೇ ಬಿಟ್ಟುಬಿಡಿ, ನಡುವಿನ ಗಿಡ್ಡ ಶಾಫ್ಟ್ ಅದೇ ಅಂತರಕ್ಕೆ ಮಾಡಿದ್ದು.

ವೀಲ್‌ಬೇಸ್ ಬದಲಾದರೆ ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೂ ಬದಲಿಸಬೇಕು. ಲಾರಿ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಸಂಗತಿಯೇ ಇಲ್ಲೂ ಅನ್ವಯಿಸುತ್ತದೆ: ಎರಡು ತುದಿಯ ಜಾಯಿಂಟ್‌ಗಳಲ್ಲಿ ಶಾಫ್ಟಿನ ಕಡೆಯ ಕವೆಗಳು ಒಂದೇ ಸಮತಲದಲ್ಲಿರಬೇಕು. ಒಂದು ತಿರುಗಿ ಕೂತರೆ ಪ್ರತಿ ಸುತ್ತಿಗೂ ಎರಡು ಸಲ ವೇಗ ಏರಿಳಿದು ಇಡೀ ಗಾಡಿ ನಡುಗುತ್ತದೆ. ಜನ ಅದನ್ನು ಗೇರ್‌ಬಾಕ್ಸಿನ ದೋಷ ಅಂದುಕೊಂಡು ಬಿಚ್ಚಿ ಕೂರುತ್ತಾರೆ.

ಲೀಫ್ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳದ್ದೇ, ನೋಡಲು ಸೊಗಸು. ಖಾಲಿ ಗಾಡಿಗೆ ಬಿಗಿ ಅನ್ನಿಸಿದರೆ ಪ್ರತಿ ಕಟ್ಟಿನಿಂದ ಒಂದು ಪಟ್ಟಿ ತೆಗೆಯಬಹುದು. ಟಿಪ್ಪರಿಗೆ ಹಿಂದೆ ತೆಗೆಯಬೇಡಿ, ಭಾರ ಬೀಳುವುದೇ ಅಲ್ಲಿ. ಮುಂದೆ ಮಾತ್ರ ತೆಗೆದು ನೋಡಿ.

ಸ್ಟಿಯರಿಂಗ್ ಸರ್ವೋ ಲೋಹದ ಗೇರಿನದ್ದೇ ಬೇಕು. ಅಗ್ಗದಲ್ಲಿ ಎಲ್ಲರೂ ಹಾಕುವುದು ಎಂಜಿ996ಆರ್. ಅದು ಸಿಕ್ಕಿಕೊಂಡು ನಿಂತಾಗ 6 ವೋಲ್ಟಿನಲ್ಲಿ 2.5 ಆಂಪಿಯರ್ ಎಳೆಯುತ್ತದೆ. ಇಎಸ್‌ಸಿಯೊಳಗಿನ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆಯೊಳಗಿನ) ಬಿಇಸಿ, ಅಂದರೆ ರಿಸೀವರ್ ಮತ್ತು ಸರ್ವೋಗೆ ಕರೆಂಟು ಕೊಡುವ ಭಾಗ, 2 ಆಂಪಿಯರಿನದ್ದಾದರೆ ವೋಲ್ಟೇಜ್ ಕುಸಿದು ರಿಸೀವರ್ ಒಂದು ಕ್ಷಣ ಆರಿ ಹೋಗುತ್ತದೆ. ತಿರುವಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಹಿಡಿತ ತಪ್ಪುವುದಕ್ಕೆ ಬಹಳ ಸಲ ಇದೇ ಕಾರಣ. 5 ಅಥವಾ 6 ವೋಲ್ಟಿನ ಬೇರೆ ಯುಬಿಇಸಿ (ಬಿಡಿಯಾಗಿ ಸಿಗುವ ಬಿಇಸಿ), 3 ಆಂಪಿಯರ್ ಅಥವಾ ಹೆಚ್ಚಿನದು, ಹಾಕಿ. ಹಾಕಿದ ಮೇಲೆ ಇಎಸ್‌ಸಿಯಿಂದ ರಿಸೀವರಿಗೆ ಬರುವ ಪ್ಲಗ್ಗಿನ ಕೆಂಪು ತಂತಿಯನ್ನು ತೆಗೆದು ಟೇಪು ಸುತ್ತಿಡಿ, ಎರಡು ಮೂಲದಿಂದ ಕರೆಂಟು ಬರಬಾರದು. ಸರ್ವೋ ನಡುವಿನಲ್ಲಿರುವಾಗ ಅದರ ತೋಳು ಲಿಂಕಿಗೆ 90 ಡಿಗ್ರಿಯಲ್ಲಿರಲಿ. ಆಮೇಲೆ ರಿಮೋಟಿನ ಎಂಡ್ ಪಾಯಿಂಟ್‌ನಲ್ಲಿ ಎರಡೂ ಕಡೆ, ಚಕ್ರ ಪೂರ್ತಿ ತಿರುಗಿದಾಗ ಸರ್ವೋ ಗುಂಯ್‌ಗುಟ್ಟದಂತೆ, ಮಿತಿ ಹಾಕಿ.

ಎಲೆಕ್ಟ್ರಾನಿಕ್ಸ್‌ಗೆ ಟಮಿಯಾದ್ದೇ ಎಂಎಫ್‌ಸಿ ಎಂಬ ಪೆಟ್ಟಿಗೆ ಬೇರೆಯಾಗಿ ಸಿಗುತ್ತದೆ. ಎಂಜಿನ್ ಸದ್ದು, ದೀಪಗಳು, ನಿಂತಲ್ಲೇ ನಡುಗುವ ಕ್ಯಾಬಿನ್, ಎಲ್ಲ ಒಂದರಲ್ಲೇ. ಕೆಲಸ ಅಚ್ಚುಕಟ್ಟು, ಆದರೆ ಸದ್ದು ವಿದೇಶಿ ಲಾರಿಯದು. ಟಾಟಾ ಮುಖದ ಗಾಡಿಯಿಂದ ಆ ಸದ್ದು ಬಂದರೆ ಕಿವಿ ಒಪ್ಪುವುದಿಲ್ಲ. ಇಎಸ್‌ಪಿ32 ಬೋರ್ಡಿಗೆ ಎಂಜಿನ್ ಸದ್ದು ಮತ್ತು ದೀಪ ನಿಭಾಯಿಸುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ, ಅದಕ್ಕೆ ನಾವೇ ರೆಕಾರ್ಡ್ ಮಾಡಿದ ಸದ್ದನ್ನು ತುಂಬಬಹುದು. ಬೆಸುಗೆ, ಪ್ರೋಗ್ರಾಮಿಂಗ್ ಬಲ್ಲವರು ಈ ಹಾದಿ ಹಿಡಿಯಿರಿ. ಉಳಿದವರು ಸದ್ದಿಲ್ಲದೆ ಶುರು ಮಾಡಿ, ಸಾದಾ ಇಎಸ್‌ಸಿ ಸಾಕು.

ಸಾದಾ ಇಎಸ್‌ಸಿಗಳಲ್ಲಿ ಹಾಬಿವಿಂಗ್ ಕ್ವಿಕ್‌ರನ್ 1060 ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಅದರ ಮೈಮೇಲೆ ಎರಡು ಜಂಪರ್ (ಜಾಗ ಬದಲಿಸಿ ಕೂರಿಸುವ ಪುಟ್ಟ ಪ್ಲಗ್) ಇವೆ: ಒಂದು ಬ್ಯಾಟರಿ ಬಗೆಗೆ, ಇನ್ನೊಂದು ರಿವರ್ಸ್‌ಗೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ ಜಂಪರನ್ನು ನಿಕಲ್ ಬ್ಯಾಟರಿಯ ಜಾಗದಲ್ಲೇ ಬಿಟ್ಟರೆ ಲಿಪೋಗೆ ಬೇಕಾದ ಕಟ್-ಆಫ್ (ಚಾರ್ಜು ಇಳಿದಾಗ ತಾನೇ ನಿಲ್ಲಿಸುವುದು) ಸಿಗದೆ ಬ್ಯಾಟರಿ ಊದಿಕೊಳ್ಳುತ್ತದೆ. 2 ಸೆಲ್‌ನ 7.4 ವೋಲ್ಟ್ ಲಿಪೋ ಸಾಕು. ಪೂರ್ತಿ ಚಾರ್ಜಿನಲ್ಲಿ 8.4 ಇರುತ್ತದೆ, ಪ್ರತಿ ಸೆಲ್ 3.3ಕ್ಕೆ ಇಳಿಯುವ ಮೊದಲೇ ನಿಲ್ಲಿಸಿ. ಬಿಳಿ ಪ್ಲಾಸ್ಟಿಕ್ಕಿನ ಹಳೆಯ ಟಮಿಯಾ ಕನೆಕ್ಟರ್ ಭಾರಕ್ಕೆ ಬಿಸಿಯಾಗುತ್ತದೆ, ಎಕ್ಸ್‌ಟಿ60ಕ್ಕೆ ಬದಲಿಸಿ.

ರಿಮೋಟಿಗೆ ಫ್ಲೈಸ್ಕೈ ಎಫ್‌ಎಸ್-ಐ6 ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆರು ಚಾನೆಲ್ ಇದೆ. ಹಂಚಿಕೆ ಹೀಗಿದ್ದರೆ ಕೈಗೆ ಸಲೀಸು: ಬಲಗಡ್ಡಿಯ ಅಡ್ಡ ಚಲನೆ ಸ್ಟಿಯರಿಂಗಿಗೆ, ಅದೇ ಗಡ್ಡಿಯ ಮೇಲೆ-ಕೆಳಗೆ ಚಲನೆ ಮೋಟರಿಗೆ. ಎಡಗಡ್ಡಿಯ ಅಡ್ಡ ಚಲನೆ ತೊಟ್ಟಿ ಎತ್ತಲು, ಅದು ಬಿಟ್ಟ ಕೂಡಲೇ ನಡುವಿಗೆ ಬರುವುದರಿಂದ ತೊಟ್ಟಿಯೂ ಅಲ್ಲೇ ನಿಲ್ಲುತ್ತದೆ. ಗೇರಿಗೆ ಮೂರು ಸ್ಥಾನದ ಎಸ್‌ಡಬ್ಲ್ಯುಸಿ ಸ್ವಿಚ್, ಒಂದೊಂದು ಸ್ಥಾನಕ್ಕೆ ಒಂದೊಂದು ಗೇರು. ಎಡಗಡ್ಡಿಯ ಮೇಲೆ-ಕೆಳಗೆ ಚಲನೆಗೆ ಸ್ಪ್ರಿಂಗ್ ಇರುವುದಿಲ್ಲ, ಅದನ್ನು ಮೋಟರಿಗೆ ಕೊಟ್ಟರೆ ಕೈಬಿಟ್ಟರೂ ಗಾಡಿ ಓಡುತ್ತಲೇ ಇರುತ್ತದೆ. ಫೇಲ್‌ಸೇಫ್‌ನಲ್ಲಿ ಮೋಟರ್ ಚಾನೆಲನ್ನು ನಡುವಿಗೆ ಇಡುವುದು ಮರೆಯಬೇಡಿ. ನಾಲ್ಕು ಕೆ.ಜಿ.ಗೂ ಮೀರುವ ಗಾಡಿ ಸಿಗ್ನಲ್ ತಪ್ಪಿ ಮಕ್ಕಳ ಕಾಲಿಗೆ ನುಗ್ಗಬಾರದು. ಗೇರನ್ನು ವೇಗ ಇಳಿಸಿ ಅಥವಾ ನಿಲ್ಲಿಸಿ ಬದಲಿಸಿ, ಪೂರ್ತಿ ವೇಗದಲ್ಲಿ ಬದಲಿಸಿದರೆ ಲೋಹದ ಹಲ್ಲೂ ಉಜ್ಜಿ ದುಂಡಾಗುತ್ತದೆ.

ದೀಪಗಳಿಗೆ 3 ಮಿ.ಮೀ. ಎಲ್‌ಇಡಿ. 5 ವೋಲ್ಟಿನಿಂದ ಕೊಡುವುದಾದರೆ ಬಿಳಿಯದಕ್ಕೆ 220 ಓಮ್, ಕೆಂಪಿಗೆ 330 ಓಮ್. 6 ವೋಲ್ಟಾದರೆ 330 ಮತ್ತು 470. ಪ್ರತಿ ದೀಪಕ್ಕೂ ಅದರದ್ದೇ ರೆಸಿಸ್ಟರ್.

ತೊಟ್ಟಿ ಪೂರ್ತಿ ಸ್ವಂತ ಕೆಲಸ, ಕಿಟ್‌ನಲ್ಲಿ ಇದಕ್ಕೆ ಏನೂ ಇಲ್ಲ. ಒಳ ಅಳತೆ 4.5 ಮೀಟರ್ ಉದ್ದ, 2.3 ಮೀಟರ್ ಅಗಲ, 1.2 ಮೀಟರ್ ಎತ್ತರ ಎಂದಿಟ್ಟುಕೊಂಡರೆ ನಮ್ಮ ಅಳತೆಯಲ್ಲಿ 346×177×92 ಮಿ.ಮೀ. 1 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದರೆ ತಗಡಿನ ತೂಕವೇ ಸುಮಾರು 425 ಗ್ರಾಂ, ಪಕ್ಕದ ಪಟ್ಟಿಗಳು ಸೇರಿ 600ರ ಹತ್ತಿರ. 2 ಮಿ.ಮೀ. ಎಬಿಎಸ್ ಹಾಳೆ ಕೆಲಸಕ್ಕೆ ಸುಲಭ, ಆದರೆ ಜಲ್ಲಿ ಸುರಿದರೆ ಗೀರು ಬಿದ್ದು ಬಣ್ಣ ಹೋಗುತ್ತದೆ. ನಿಜವಾಗಿ ಕಲ್ಲು ತುಂಬುವವರಿಗೆ ಅಲ್ಯೂಮಿನಿಯಂ.

ಈ ತೊಟ್ಟಿಗೆ ಐದೂವರೆ ಲೀಟರಿಗಿಂತ ಹೆಚ್ಚು ಹಿಡಿಸುತ್ತದೆ. ಮರಳು ಲೀಟರಿಗೆ 1.6 ಕೆ.ಜಿ. ತೂಗುತ್ತದೆ, ಅಂಚಿನವರೆಗೆ ತುಂಬಿದರೆ 9 ಕೆ.ಜಿ. ಕಿಟ್‌ನ ಆಕ್ಸಲಿಗೆ ಅದು ಅತಿಯಾಯಿತು. 3 ಕೆ.ಜಿ. ಮಿತಿ ಇಟ್ಟುಕೊಳ್ಳಿ. ತುಂಬಿದಂತೆ ಕಾಣಬೇಕಾದರೆ ಕೆಳಗೆ ಥರ್ಮೋಕೋಲ್ ತುಂಡು ಹಾಕಿ ಮೇಲೆ ಜಲ್ಲಿ ಪುಡಿಯ ಪದರ ಹರಡಿದರೆ ಆಯಿತು.

ಎತ್ತಲು ವಿದ್ಯುತ್ ಲೀನಿಯರ್ ಆಕ್ಚುಯೇಟರ್ (ಸರಳನ್ನು ನೇರವಾಗಿ ಹೊರಕ್ಕೆ ತಳ್ಳಿ ಒಳಕ್ಕೆ ಎಳೆಯುವ ಮೋಟರ್) ಸಾಕು, ಎಣ್ಣೆ ಪಂಪಿನ ಹೈಡ್ರಾಲಿಕ್ ಮೊದಲ ಗಾಡಿಗೆ ಬೇಡ. ಎಷ್ಟು ಬಲದ್ದು ಬೇಕು? ತೊಟ್ಟಿ ಮತ್ತು ಸರಕು ಸೇರಿ 3.6 ಕೆ.ಜಿ., ಅಂದರೆ 35 ನ್ಯೂಟನ್. ಅದರ ಭಾರಕೇಂದ್ರ ಹಿಂಜಿನಿಂದ 173 ಮಿ.ಮೀ. ದೂರ. ಆಕ್ಚುಯೇಟರ್ ಹಿಂಜಿನಿಂದ 130 ಮಿ.ಮೀ. ದೂರದಲ್ಲಿ 30 ಡಿಗ್ರಿ ಓರೆಯಲ್ಲಿ ತಳ್ಳಿದರೆ 93 ನ್ಯೂಟನ್ ಬೇಕು. ಓರೆ 20 ಡಿಗ್ರಿಗೆ ಇಳಿದರೆ 136. ಮಲಗಿದ ಸ್ಥಿತಿಯಿಂದ ಎತ್ತುವ ಮೊದಲ ಕ್ಷಣವೇ ಕಷ್ಟದ್ದು, ಒಮ್ಮೆ ಎದ್ದರೆ ಸಲೀಸು. ಆದ್ದರಿಂದ 200 ನ್ಯೂಟನ್ನಿನದ್ದು ಕೊಂಡು, ಆದಷ್ಟು ನೆಟ್ಟಗೆ ನಿಲ್ಲುವಂತೆ ಕೂರಿಸಿ. ರಟ್ಟಿನ ಎರಡು ಪಟ್ಟಿ, ಗುಂಡುಪಿನ್ನು ಹಿಡಿದು ಮೊದಲು ಮೇಜಿನ ಮೇಲೆ ಅಣಕು ಮಾಡಿದರೆ ಎಷ್ಟು ಉದ್ದದ ಸ್ಟ್ರೋಕ್ ಬೇಕೆಂದು ಗೊತ್ತಾಗುತ್ತದೆ. 12 ವೋಲ್ಟಿನದ್ದನ್ನು 7.4ಕ್ಕೆ ಕೊಟ್ಟರೆ ವೇಗ 60 ಶೇಕಡದಷ್ಟು, ಟಿಪ್ಪರಿಗೆ ಆ ನಿಧಾನವೇ ಚಂದ. ತುದಿ ಮುಟ್ಟಿದಾಗ ತಾನೇ ನಿಲ್ಲುವ ಲಿಮಿಟ್ ಸ್ವಿಚ್ ಒಳಗಿರುವಂಥದ್ದೇ ಕೊಳ್ಳಿ. ನಡೆಸಲು ಎರಡೂ ದಿಕ್ಕಿಗೆ ಓಡಿಸುವ ಚಿಕ್ಕ ಬ್ರಷ್ಡ್ ಇಎಸ್‌ಸಿ.

ತೊಟ್ಟಿಯನ್ನು ನೇರವಾಗಿ ರೈಲಿಗೆ ಕೂರಿಸದೆ ನಡುವೆ ಒಂದು ಸಬ್‌ಫ್ರೇಮ್ ಇರಲಿ, ತಿರುಚುವ ಬಲ ಚಾಸಿಗೆ ಹಂಚಿ ಹೋಗುತ್ತದೆ. ಹಿಂಜಿಗೆ 4 ಮಿ.ಮೀ. ಉಕ್ಕಿನ ಸರಳು. ಕೊನೆಯ ಆಕ್ಸಲಿನಿಂದ ಹಿಂಜು 40-50 ಮಿ.ಮೀ.ಗಿಂತ ಹಿಂದೆ ಹೋಗಬಾರದು. ಹೋದರೆ ಒದ್ದೆ ಮರಳು ಹಿಂಬಾಗಿಲಿಗೆ ಕಚ್ಚಿಕೊಂಡಾಗ ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ನೆಲ ಬಿಡುತ್ತದೆ. ಬ್ಯಾಟರಿಯನ್ನು ಕ್ಯಾಬಿನ್ನಿನ ಕೆಳಗೆ ಇಡುವುದೂ ಇದಕ್ಕೇ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಮುಂದಿನ ಚಕ್ರ, ಅಷ್ಟೇ ಎತ್ತರದ ಹಲಗೆಯ ಮೇಲೆ ಹಿಂದಿನ ಚಕ್ರ ಇಟ್ಟು ನೋಡಿ: ಖಾಲಿ ಗಾಡಿಯ ಮೂರನೇ ಒಂದು ಭಾಗದಷ್ಟಾದರೂ ತೂಕ ಮುಂದೆ ಇರಬೇಕು.

ಕ್ಯಾಬಿನ್ನಿಗೆ 1.5 ಮಿ.ಮೀ. ಎಬಿಎಸ್ ಹಾಳೆ ಒಳ್ಳೆಯ ಆಯ್ಕೆ. ಮೊದಲು ರಟ್ಟಿನಲ್ಲಿ ಪೂರ್ತಿ ಕ್ಯಾಬಿನ್ ಮಾಡಿ ಚಾಸಿಯ ಮೇಲಿಟ್ಟು, ದೂರದಿಂದ ನೋಡಿ, ತಪ್ಪು ತಿದ್ದಿ, ಆಮೇಲೆ ಹಾಳೆ ಕತ್ತರಿಸಿ. ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದರೆ ಅದೇ ಅಂಟು, ಅದೇ ಪುಟ್ಟಿ. ಬಸ್ಸಿನ ಮಾಡೆಲ್ ಮಾಡುವವರು ಬಳಸುವ 3 ಮಿ.ಮೀ. ಪಿವಿಸಿ ಫೋಮ್ ಹಾಳೆ ಹಗುರ, ಅಗ್ಗ, ಫೆವಿಕ್ವಿಕ್‌ಗೆ ತಕ್ಷಣ ಅಂಟುತ್ತದೆ. ಆದರೆ ಕತ್ತರಿಸಿದ ಅಂಚು ಬಣ್ಣ ಹೀರುತ್ತದೆ, ಅಂಚಿಗೆ ಪುಟ್ಟಿ ತುಂಬಿ ಉಜ್ಜಲೇಬೇಕು. 3ಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಬೇಡವೆನ್ನಿ. 60 ಡಿಗ್ರಿಗೆ ಅದು ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಸೆಕೆ ಆಗುವುದು ಕಷ್ಟವಲ್ಲ. ಪಿಇಟಿಜಿ ಅಥವಾ ಎಬಿಎಸ್ ಕೇಳಿ.

ಕಿಟ್‌ನ ಕ್ರೋಮ್ ಚಕ್ರಗಳಿಗೆ ನೇರವಾಗಿ ಬಣ್ಣ ಹೊಡೆದರೆ ಸಿಪ್ಪೆಯಾಗಿ ಬರುತ್ತದೆ. ಬ್ಲೀಚ್ ದ್ರಾವಣದಲ್ಲಿ ನೆನೆಸಿ ಕ್ರೋಮ್ ತೆಗೆದು, ತೊಳೆದು, 600 ನಂಬರ್ ಕಾಗದದಲ್ಲಿ ಉಜ್ಜಿ, ಪ್ರೈಮರ್ ಹಾಕಿ. ಟಮಿಯಾದ್ದೇ ಸ್ಪ್ರೇ ಕೊಳ್ಳುವುದಾದರೆ ಟಿಎಸ್ ಸಾಲಿನದ್ದು ತೆಗೆದುಕೊಳ್ಳಿ. ಪಿಎಸ್ ಸಾಲು ಪಾಲಿಕಾರ್ಬೊನೇಟ್ ಬಾಡಿಗೆ ಮಾತ್ರ. ಮಳೆ ಬರುವ ದಿನ ಸ್ಪ್ರೇ ಮಾಡಬೇಡಿ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ.

ಬೆಲೆಯ ಮಾತಿಗೆ ಬಂದರೆ, ಆಮದು ಮಾಡಿಕೊಳ್ಳುವವರು ಪೆಟ್ಟಿಗೆಯ ಬೆಲೆಯನ್ನಷ್ಟೇ ನೋಡಬಾರದು. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್ಟಿನಲ್ಲಿ 20 ಶೇಕಡದಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸಾಗಣೆ ಖರ್ಚನ್ನೂ ಸೇರಿಸಿಯೇ ಸುಂಕ ಹಾಕುತ್ತಾರೆ, ಅದರ ಮೇಲೆ ಜಿಎಸ್‌ಟಿ. ಆರ್ಡರ್ ಮಾಡುವ ದಿನದ ದರವನ್ನು ಕೊರಿಯರ್ ಕಂಪನಿಯಲ್ಲಿ ವಿಚಾರಿಸಿಕೊಳ್ಳಿ. ಬ್ಯಾಟರಿಯನ್ನು ಹೊರದೇಶದಿಂದ ತರಿಸಬೇಡಿ, ವಿಮಾನದಲ್ಲಿ ಲಿಪೋಗೆ ನೂರೆಂಟು ತಕರಾರು. ಇಷ್ಟು ಹಣ ಹಾಕುವ ಮುನ್ನ ಕೈ ಪಳಗಿಸಬೇಕು ಎನ್ನುವವರು ಡಬ್ಲ್ಯುಪಿಎಲ್ ಬಿ36, 1/16 ಅಳತೆಯ ಆರು ಚಕ್ರದ ಅಗ್ಗದ ಕಿಟ್, ಮೇಲೆ ತೊಟ್ಟಿ ಕಟ್ಟಿ ಅಭ್ಯಾಸ ಮಾಡಬಹುದು. ಅದರ ಗೇರು ಮತ್ತು ಮೋಟರ್ ಭಾರ ತಾಳುವುದಿಲ್ಲ, ಬಾಡಿ ಕೆಲಸ ಕಲಿಯಲು ಸಾಕು. ತೊಟ್ಟಿ ಕಟ್ಟುವ ತಾಳ್ಮೆ ಇಲ್ಲ, ಹಣವಿದೆ ಎನ್ನುವವರಿಗೆ ಟಮಿಯಾದ್ದೇ ಮರ್ಸಿಡಿಸ್ ಅರೋಕ್ಸ್ 3348 ಟಿಪ್ಪರ್ ಕಿಟ್ ಇದೆ, ಮುಖ ಮಾತ್ರ ಜರ್ಮನಿಯದ್ದು.

ಕಿಂಗ್ ಹಾಲರ್ ಕೊಂಡರೆ ಹಣವನ್ನು ಈ ಕ್ರಮದಲ್ಲಿ ಹಾಕಿ: ಮೊದಲು ಬೇರಿಂಗ್, ಆಮೇಲೆ 55 ಟರ್ನ್ ಮೋಟರ್, ಆಮೇಲೆ ಒಳ್ಳೆಯ ಸ್ಟಿಯರಿಂಗ್ ಸರ್ವೋ ಮತ್ತು ಯುಬಿಇಸಿ. ಸದ್ದು, ಲೋಹದ ಆಕ್ಸಲ್, ಒಳಗಿನ ಸೀಟು, ಇವೆಲ್ಲ ಗಾಡಿ ನೇರವಾಗಿ ಓಡಿ, ಭಾರ ಎತ್ತಿ, ತಿರುಗಿ ಬಂದ ಮೇಲೆ. ಮೊದಲ ಬ್ಯಾಟರಿ ಮುಗಿದ ಕೂಡಲೇ ಗಾಡಿಯನ್ನು ತಲೆಕೆಳಗು ಮಾಡಿ, ಪ್ರೊಪೆಲ್ಲರ್ ಶಾಫ್ಟಿನ ಗ್ರಬ್ ಸ್ಕ್ರೂ ಮತ್ತು ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಮೋಟರ್ ಮೇಲೆ ಬೆರಳಿಡಿ. ಐದು ಸೆಕೆಂಡ್ ಇಡಲಾಗದಷ್ಟು ಬಿಸಿಯಿದ್ದರೆ ಎಲ್ಲೋ ಶಾಫ್ಟ್ ಬಿಗಿಯಾಗಿ ತಿರುಗುತ್ತಿದೆ ಅಥವಾ ಭಾರ ಹೇರಿ ಮೂರನೇ ಗೇರಿನಲ್ಲೇ ಓಡಿಸಿದ್ದೀರಿ. ಮ್ಯಾನುಯಲ್ಲನ್ನು ಜೋಪಾನವಾಗಿಡಿ, ಟಮಿಯಾದ ಬಿಡಿಭಾಗ ತರಿಸಲು ಅದರ ಕೊನೆಯ ಪುಟಗಳಲ್ಲಿರುವ ನಂಬರ್ ಬೇಕಾಗುತ್ತದೆ.